ಕಕ್ಕಡದ ಮಳೆಯಲ್ಲಿ ಡೈಪರಿನಿಂದ ಚಡ್ಡಿಗೆ: ಬಟ್ಟೆಯ ಟ್ರೈನಿಂಗ್ ಪ್ಯಾಂಟ್ ಬಳಸಿ ನೋಡಿದ ಆರು ತಿಂಗಳು

ಮೇ ತಿಂಗಳ ಕೊನೆಯ ವಾರದಲ್ಲಿ, ಮಗಳಿಗೆ 22 ತಿಂಗಳು ತುಂಬಿದ ಹೊತ್ತಿಗೆ, ಡೈಪರ್ ಬದಲಿಸಲು ಮಲಗಿಸಿದರೆ ಅವಳು ಒಪ್ಪುವುದನ್ನೇ ಬಿಟ್ಟಳು. ಚಾಪೆಗೆ ಬೆನ್ನು ತಾಗಿದ ಕೂಡಲೇ ಬಿಲ್ಲಿನಂತೆ ಬಾಗಿ, ಮಗುಚಿಕೊಂಡು, ಒಂದು ಬದಿಯ ಟೇಪು ಮಾತ್ರ ಅಂಟಿದ್ದ ಡೈಪರನ್ನು ಎಳೆದುಕೊಂಡೇ ಜಗಲಿಗೆ ಓಡುತ್ತಿದ್ದಳು. ಹಿಡಿದು ತಂದು ಮತ್ತೆ ಮಲಗಿಸಿದರೆ ಮನೆಯೆಲ್ಲ ಕೇಳುವಂತೆ ಅಳುತ್ತಿದ್ದಳು. ಹಠವಿರಬೇಕೆಂದು ಮೊದಲು ತಿಳಿದಿದ್ದೆ. ಕೆಲವು ದಿನ ಗಮನಿಸಿದ ಮೇಲೆ, ಡೈಪರಿನ ಮೇಲೆ ಅವಳಿಗೆ ಸಿಟ್ಟಿಲ್ಲ, ತನ್ನನ್ನು ಅಂಗಾತ ಕೆಡವಿ ಎರಡೂ ಕಾಲೆತ್ತಿ ಹಿಡಿಯುವ ಕ್ರಮ ಅವಳಿಗೆ ಬೇಡವಾಗಿದೆ ಎಂಬುದು ಹೊಳೆಯಿತು. ತಟ್ಟೆಯಿಂದ ತಾನೇ ತುತ್ತೆತ್ತಲು, ಚಪ್ಪಲಿಯನ್ನು ತಾನೇ ಮೆಟ್ಟಲು ಕಲಿತಿದ್ದ ಮಗುವಿಗೆ ದಿನಕ್ಕೆ ಆರೇಳು ಸಲ ಹಾಗೆ ಮಲಗಿಸಿಕೊಳ್ಳುವುದು ಸಾಕಾಗಿಹೋಗಿತ್ತು.

ಆಗ ಮೂರು ವಸ್ತುಗಳನ್ನು ಕೊಂಡೆವು: ಚಡ್ಡಿಯಂತೆ ಏರಿಸುವ ಪ್ಯಾಂಟ್ ಡೈಪರಿನ ಒಂದು ಪೊಟ್ಟಣ, ಒಳಗೆ ದಪ್ಪ ಹತ್ತಿಯ ಪದರವಿರುವ ಆರು ಬಟ್ಟೆಯ ಟ್ರೈನಿಂಗ್ ಪ್ಯಾಂಟ್, ಮತ್ತು ಮಗು ಶೌಚಕ್ಕೆ ಕೂರುವ ಒಂದು ಪ್ಲಾಸ್ಟಿಕ್ಕಿನ ಪಾಟಿ. ಕೊಡಗಿನ ಮೂರ್ನಾಡಿನ ಸಮೀಪದ ನಮ್ಮ ತೋಟದ ಮನೆಯಲ್ಲಿ, ಒಂದು ಪೂರ್ತಿ ಮಳೆಗಾಲವನ್ನು ಇವುಗಳೊಡನೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಮಾತು ಬಟ್ಟೆಯ ಪ್ಯಾಂಟನ್ನು ಕುರಿತದ್ದು. ಬ್ರ್ಯಾಂಡುಗಳ ಹೆಸರನ್ನು ಬರೆದಿಲ್ಲ; ಮಾರುಕಟ್ಟೆಯಲ್ಲಿ ಸಿಗುವ ಇಂಥ ಪ್ಯಾಂಟುಗಳ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಕೊಳ್ಳುವವರು ಹೆಸರಿಗಿಂತ ಹೊಲಿಗೆಯನ್ನೂ ಸೊಂಟಪಟ್ಟಿಯನ್ನೂ ನೋಡಬೇಕು.

ಡೈಪರುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎಷ್ಟು ಗಂಟೆ ತಡೆಯುತ್ತದೆ, ಸೋರುತ್ತದೆಯೇ, ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಏಳುತ್ತದೆಯೇ ಎಂದು ಕೇಳುತ್ತಾರೆ. ಅವು ಬೇಕಾದ ಪ್ರಶ್ನೆಗಳೇ. ಆದರೆ ಎರಡರ ಆಸುಪಾಸಿನ ಮಗುವಿಗೆ ನಾನು ಅದಕ್ಕಿಂತ ಮೊದಲು ಕೇಳುವ ಪ್ರಶ್ನೆ ಬೇರೆ: ಮಗುವಿನ ಹೆಬ್ಬೆರಳು ತಾನಾಗಿ ಆ ಸೊಂಟಪಟ್ಟಿಯೊಳಗೆ ಹೋಗುತ್ತದೆಯೇ? ಹೋಗುವುದಾದರೆ ಮಗು ತನ್ನ ಚಡ್ಡಿಯನ್ನು ತಾನೇ ಇಳಿಸಬಲ್ಲದು, ಸ್ವಲ್ಪ ದಿನದಲ್ಲಿ ಏರಿಸಬಲ್ಲದು, ಬದಲಿಸುವ ಕೆಲಸದಲ್ಲಿ ಅರ್ಧ ಪಾಲು ಅದರದಾಗುತ್ತದೆ. ಹೋಗದಿದ್ದರೆ ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಮಗು ಮತ್ತೆ ನಮ್ಮ ಕೈಗಾಗಿ ಕಾಯುತ್ತಾ ನಿಲ್ಲುತ್ತದೆ.

ಈ ದೃಷ್ಟಿ ನನಗೆ ಬಂದದ್ದು ಹಂಗೆರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಅವರ ಕೆಲಸವನ್ನು ಕುರಿತು ಓದಿದಾಗ. ಅವರು 1946ರಲ್ಲಿ ಬುಡಾಪೆಸ್ಟಿನಲ್ಲಿ, ತಂದೆತಾಯಿಯರ ಆರೈಕೆಯಿಲ್ಲದ ಎಳೆಯ ಮಕ್ಕಳಿಗಾಗಿ ಒಂದು ಶಿಶುಗೃಹವನ್ನು ಆರಂಭಿಸಿದರು. ಅಲ್ಲಿ ಸ್ನಾನ, ಊಟ, ಬಟ್ಟೆ ಬದಲಿಸುವುದು, ಇವನ್ನು ಬೇಗ ಮುಗಿಸಿಬಿಡಬೇಕಾದ ಕೆಲಸಗಳೆಂದು ಎಣಿಸುತ್ತಿರಲಿಲ್ಲ. ದೊಡ್ಡವರು ಮತ್ತು ಮಗು ಪೂರ್ಣ ಗಮನದಿಂದ ಜೊತೆಗಿರುವ ಹೊತ್ತುಗಳೆಂದು ಎಣಿಸುತ್ತಿದ್ದರು. ಮುಂದೆ ಏನು ಮಾಡಲಿದ್ದೇವೆಂದು ಮಗುವಿಗೆ ಹೇಳಬೇಕು, ಬಟ್ಟೆಯನ್ನು ತೋರಿಸಬೇಕು, ಮಗು ತಾನಾಗಿ ಕೈಯನ್ನೋ ಕಾಲನ್ನೋ ಚಾಚುವವರೆಗೆ ಕಾಯಬೇಕು ಎಂಬುದು ಅಲ್ಲಿನ ಕ್ರಮ. ಮಾತು ಬಾರದ ಕೂಸಿಗೂ ಹೀಗೆಯೇ ಮಾಡುತ್ತಿದ್ದರು ಎಂಬುದು ನನ್ನ ಮನಸ್ಸನ್ನು ಬಹಳ ತಟ್ಟಿತು, ಏಕೆಂದರೆ ಅದುವರೆಗೆ ನಾನು ಮಗಳ ಕೈಗೊಂದು ಆಟಿಕೆ ಕೊಟ್ಟು, ಗಮನ ಬೇರೆಡೆ ಸೆಳೆದು, ಅವಳಿಗೆ ತಿಳಿಯದಂತೆಯೇ ಡೈಪರ್ ಬದಲಿಸುವುದನ್ನು ಜಾಣತನವೆಂದುಕೊಂಡಿದ್ದೆ.

ಮೊದಲು ಪ್ಯಾಂಟ್ ಡೈಪರಿನ ಮಾತು. ನಿಂತ ಮಗುವಿಗೆ ತೊಡಿಸಬಹುದು ಎಂಬುದೇ ಇದರ ದೊಡ್ಡ ಗುಣ. ಟೇಪಿನ ಡೈಪರನ್ನು ಬಿಟ್ಟು ಇದಕ್ಕೆ ಬಂದ ದಿನವೇ ನಮ್ಮ ಮನೆಯಲ್ಲಿ ಅರ್ಧ ಅಳು ನಿಂತಿತು. ಸುಸ್ಸು ಮಾತ್ರ ಆಗಿದ್ದರೆ ಮಗು ಗೋಡೆಯನ್ನೋ ನನ್ನ ಭುಜವನ್ನೋ ಹಿಡಿದು ನಿಂತು, ಒಂದೊಂದೇ ಕಾಲೆತ್ತಿ, ಒದ್ದೆಯದನ್ನು ಬಿಟ್ಟು ಒಣಗಿದ್ದನ್ನು ಹಾಕಿಕೊಳ್ಳಬಹುದು. ಕಕ್ಕ ಆಗಿದ್ದರೆ ಕೆಳಗೆಳೆಯಬಾರದು. ಎರಡೂ ಬದಿಯ ಹೊಲಿಗೆಯನ್ನು ಹರಿದು, ಮಗು ಮಣೆಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ನಿಂತಿರುವಾಗ ಮುಂದಿನಿಂದ ಹಿಂದಕ್ಕೆ ಒರೆಸಿ ತೆಗೆಯಬೇಕು. ಹೆಣ್ಣುಮಕ್ಕಳಿಗೆ ಈ ದಿಕ್ಕು ಬಹಳ ಮುಖ್ಯ, ತಪ್ಪಿದರೆ ಮೂತ್ರನಾಳಕ್ಕೆ ಸೋಂಕು ತಗಲಬಹುದು.

ಇದರ ಕೊರತೆ ಅದರ ಒಣತನದಲ್ಲಿಯೇ ಇದೆ. ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿ ಮೂತ್ರವನ್ನು ಹೀರಿ ಲೋಳೆಯಂತೆ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಮಗುವಿನ ಮೈಗೆ ತೇವ ತಾಗುವುದೇ ಇಲ್ಲ. ಹೊರಗಿನ ಹಳದಿ ಗೆರೆ ನೀಲಿಯಾದುದನ್ನು ನೋಡಿ ನನಗೆ ತಿಳಿಯುತ್ತಿತ್ತೇ ಹೊರತು ಮಗಳಿಗೆ ತಿಳಿಯುತ್ತಿರಲಿಲ್ಲ. ರಾತ್ರಿಯ ನಿದ್ದೆಗೂ ಮಡಿಕೇರಿ, ಮೈಸೂರಿನ ಪ್ರಯಾಣಕ್ಕೂ ಇದಕ್ಕಿಂತ ಅನುಕೂಲವಾದದ್ದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಗಲು ಮನೆಯಲ್ಲಿ ಓಡಾಡುವ ಮಗುವಿಗೆ ತನ್ನ ದೇಹದ ಸುದ್ದಿಯನ್ನು ಇದು ಮುಚ್ಚಿಡುತ್ತದೆ.

ಬಟ್ಟೆಯ ಟ್ರೈನಿಂಗ್ ಪ್ಯಾಂಟು ಕೆಲಸಕ್ಕೆ ಬರುವುದು ಇಲ್ಲಿಯೇ. ನೋಡಲು ಸಾಧಾರಣ ಚಡ್ಡಿ. ನಡುವೆ ಹತ್ತಿಯ ನಾಲ್ಕಾರು ಪದರ, ಅದರ ಹಿಂದೆ ನೀರು ತಡೆಯುವ ತೆಳುವಾದ ಹಾಳೆ. ಒಂದು ಸಲದ ಸುಸ್ಸುವನ್ನು ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ, ನೆಲದ ಮೇಲೆ ಕೆರೆ ಕಟ್ಟುವುದಿಲ್ಲ, ಆದರೆ ಒದ್ದೆಯಾದುದು ಮಗುವಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಇದನ್ನು ಡೈಪರ್ ಎಂದುಕೊಂಡು ಕೊಂಡವರು ಖಂಡಿತ ನಿರಾಶರಾಗುತ್ತಾರೆ, ಏಕೆಂದರೆ ಎರಡನೆಯ ಸಲಕ್ಕೆ ತೊಡೆಯ ಸುತ್ತ ಸೋರುತ್ತದೆ. ಚಡ್ಡಿಯೆಂದೇ ತಿಳಿದು ಕೊಂಡರೆ ಇದರ ಬೆಲೆ ತಿಳಿಯುತ್ತದೆ. ಮೊದಲ ವಾರದಲ್ಲಿ ಮಗಳು ಒದ್ದೆಯಾದ ಮೇಲೆ ನಿಂತು ಕೆಳಗೆ ನೋಡುತ್ತಿದ್ದಳು. ಮೂರನೆಯ ವಾರದಲ್ಲಿ ಒದ್ದೆಯಾಗುತ್ತಿರುವಾಗಲೇ ಬಂದು ನನ್ನ ಸೆರಗು ಹಿಡಿಯುತ್ತಿದ್ದಳು. ಆಗುವ ಮೊದಲೇ ಹೇಳಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು.

ಸೊಂಟಪಟ್ಟಿಯ ವಿಷಯದಲ್ಲಿ ನಾವು ಕೊಂಡ ಆರರಲ್ಲಿ ಎರಡು ಸೋತವು. ಆನ್‌ಲೈನಿನಲ್ಲಿ ಮಗುವಿನ ತೂಕ ನೋಡಿ ಅಳತೆ ಆರಿಸಲು ಹೇಳಿದ್ದರು. 11 ಕಿಲೋ ತೂಕಕ್ಕೆ ಸರಿಯೆಂದು ಕಳುಹಿಸಿದ ಆ ಎರಡು ಪ್ಯಾಂಟು ತೊಡೆಗೆ ಸರಿಯಾಗಿದ್ದರೂ ಸೊಂಟದಲ್ಲಿ ಎಷ್ಟು ಬಿಗಿಯಾಗಿದ್ದವೆಂದರೆ ಮಗಳ ಬೆರಳು ಒಳಗೆ ಹೋಗುತ್ತಲೇ ಇರಲಿಲ್ಲ. ಒಳಬಟ್ಟೆಯಾದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಮಾರಿದವರು ಹೇಳಿದರು. ಅಳತೆಯ ಪಟ್ಟಿಯಲ್ಲಿ ತೂಕದ ಬದಲು ಸೊಂಟದ ಸುತ್ತಳತೆಯನ್ನು ಕೊಟ್ಟಿರುವವರಿಂದಲೇ ಕೊಳ್ಳಿ, ಸಾಧ್ಯವಾದರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಎಳೆದು ನೋಡಿ. ಇನ್ನೊಂದು ಸಣ್ಣ ತೊಂದರೆ, ಮುಂದು ಹಿಂದು ಒಂದೇ ರೀತಿ ಕಾಣುವುದು. ಪ್ರತಿಯೊಂದರ ಹಿಂಭಾಗದ ಪಟ್ಟಿಗೆ ಕೆಂಪು ನೂಲಿನಲ್ಲಿ ಒಂದು ಗಂಟು ಹಾಕಿದೆ; ‘ಕೆಂಪು ಹಿಂದೆ’ ಎಂದು ತಾನೇ ಹೇಳಿಕೊಳ್ಳುತ್ತಾ ಅವಳು ಚಡ್ಡಿಯನ್ನು ನೆಲದ ಮೇಲೆ ಹರವಿ, ಕುಳಿತು, ಕಾಲು ತೂರಿಸಲು ಕಲಿತಳು.

ಈಗ ಬದಲಿಸುವ ಕೆಲಸ ನಡೆಯುವ ಬಗೆ ಹೀಗಿದೆ. ಒಣಗಿದ ಚಡ್ಡಿಗಳು ಅವಳ ಕೈಗೆಟಕುವ ಒಂದು ಬಿದಿರಿನ ಬುಟ್ಟಿಯಲ್ಲಿರುತ್ತವೆ. ‘ಒದ್ದೆಯಾಗಿದೆ, ಬದಲಿಸೋಣವೇ?’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಹಾಗೆ ಕೇಳಿ ಅವಳು ಬೇಡ ಎಂದರೆ ಆ ಉತ್ತರವನ್ನು ಗೌರವಿಸಲು ನನ್ನಿಂದ ಆಗುವುದಿಲ್ಲ. ‘ಒದ್ದೆಯಾಗಿದೆ, ಬದಲಿಸಬೇಕು. ಯಾವುದನ್ನು ತರುತ್ತೀಯೆ?’ ಎನ್ನುತ್ತೇನೆ. ಆಯ್ಕೆ ಇರುವಲ್ಲಿ ಮಾತ್ರ ಆಯ್ಕೆ ಕೊಡಬೇಕೆಂಬ ಈ ಒಂದು ಎಚ್ಚರದಿಂದ ನಮ್ಮಿಬ್ಬರ ಜಗಳ ಎಷ್ಟೋ ಕಡಿಮೆಯಾಯಿತು. ಅವಳು ಹೋಗಿ ಆನೆಯ ಚಿತ್ರದ್ದೋ ಎಲೆಯ ಚಿತ್ರದ್ದೋ ತರುತ್ತಾಳೆ. ಒದ್ದೆಯದನ್ನು ಮೊಣಕಾಲಿನವರೆಗೆ ತಾನೇ ಇಳಿಸುತ್ತಾಳೆ, ಉಳಿದುದನ್ನು ನಾನು ಬಿಡಿಸುತ್ತೇನೆ, ನೀರಿನಿಂದ ತೊಳೆಯುತ್ತೇನೆ, ಒಣಬಟ್ಟೆಯಿಂದ ಒತ್ತುತ್ತೇನೆ. ಹೊಸದನ್ನು ಮೊಣಕಾಲಿನವರೆಗೆ ನಾನು ಹಿಡಿದರೆ, ಮೇಲಕ್ಕೆಳೆಯುವುದು ಅವಳ ಕೆಲಸ. ಒದ್ದೆ ಚಡ್ಡಿಯನ್ನು ಬಕೀಟಿಗೆ ಹಾಕುವುದೂ ಅವಳದೇ. ಹಿಂದೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಐದಾರು ನಿಮಿಷ ಹಿಡಿಯುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ, ಕಣದಲ್ಲಿ ಕೆಲಸ ಕಾಯುತ್ತಿರುವಾಗ, ಆ ಐದು ನಿಮಿಷ ಸಿಗುವುದು ಸುಲಭವಲ್ಲ. ಆತುರವಿರುವ ದಿನ ‘ಇವತ್ತು ನಾನೇ ಹಾಕುತ್ತೇನೆ’ ಎಂದು ಮೊದಲೇ ಹೇಳಿಬಿಡುತ್ತೇನೆ, ಹೇಳಿದರೆ ಅವಳು ಹೆಚ್ಚಾಗಿ ಒಪ್ಪುತ್ತಾಳೆ.

ಕೊಡಗಿನಲ್ಲಿ ಇದನ್ನು ಕೊಳ್ಳುವವರು ಮಳೆಯ ಲೆಕ್ಕ ಹಾಕಲೇಬೇಕು. ಕುಶಾಲನಗರದಲ್ಲಿರುವ ನನ್ನ ನಾದಿನಿಗೆ ಆರು ಪ್ಯಾಂಟು ಸಾಕಾಗಿದ್ದವು, ಅಲ್ಲಿ ಮಳೆ ಕಡಿಮೆ, ಬೆಳಿಗ್ಗೆ ಒಗೆದದ್ದು ಸಂಜೆಗೆ ಒಣಗುತ್ತದೆ. ನಮ್ಮಲ್ಲಿ ಜೂನ್ ಎರಡನೆಯ ವಾರದಿಂದ ಬಟ್ಟೆ ಒಣಗುವುದೆಂಬುದೇ ಇರುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕೊಡವರ ಕಕ್ಕಡ ತಿಂಗಳಲ್ಲಿ ಮೂರು ನಾಲ್ಕು ದಿನ ಸತತ ಮಳೆ ಹೊಯ್ದು, ಮರ ಬಿದ್ದು ಕರೆಂಟೂ ಹೋಗಿ, ವಾಷಿಂಗ್ ಮೆಷಿನ್ ಸುಮ್ಮನೆ ನಿಂತಿರುವಾಗ, ದಪ್ಪ ಪದರದ ಒಂದು ಪ್ಯಾಂಟು ಜಗಲಿಯ ಹಗ್ಗದ ಮೇಲೆ ಎರಡು ದಿನವಾದರೂ ತಣ್ಣಗೆ ತೇವವಾಗಿಯೇ ಇರುತ್ತಿತ್ತು. ಬಚ್ಚಲ ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಒಣಗಿಸಿದೆವು. ಹಂಡೆಗೆ ಬೆಂಕಿ ಹಾಕಿದಾಗ ಬೇಗ ಒಣಗುತ್ತದೆ, ನಿಜ; ಆದರೆ ಉರಿಗೆ ಸಮೀಪವಿದ್ದ ಒಂದು ಪ್ಯಾಂಟಿನ ನೀರು ತಡೆಯುವ ಹಾಳೆ ಬೊಬ್ಬೆಯೆದ್ದು ಬಟ್ಟೆಯಿಂದ ಬಿಟ್ಟುಕೊಂಡಿತು, ಇನ್ನೊಂದರ ಎಲಾಸ್ಟಿಕ್ಕು ಗಟ್ಟಿಯಾಗಿ ಹಿಗ್ಗುವುದನ್ನೇ ಮರೆಯಿತು. ಗಳುವನ್ನು ಆಳೆತ್ತರಕ್ಕಿಂತ ಮೇಲೆ ಕಟ್ಟಿದ ಮೇಲೆ ಆ ತೊಂದರೆ ಆಗಲಿಲ್ಲ. ಹೊಗೆಯ ವಾಸನೆ ಉಳಿಯುತ್ತದೆ, ಮಗುವಿಗೆ ಅದರಿಂದೇನೂ ಬೇಸರವಿದ್ದಂತೆ ಕಾಣಲಿಲ್ಲ.

ಹೊಲಿಗೆಯನ್ನು ನೋಡಬೇಕೆಂದು ಆಗಲೇ ಹೇಳಿದ್ದು ಇದಕ್ಕಾಗಿಯೇ. ಹೀರುವ ಪದರವನ್ನು ಸುತ್ತಲೂ ಹೊಲಿದುಬಿಟ್ಟಿರುವ ಪ್ಯಾಂಟು ಮಳೆನಾಡಿಗೆ ತಕ್ಕದ್ದಲ್ಲ. ಪದರವನ್ನು ಒಂದೇ ಬದಿಗೆ ಹೊಲಿದು, ಒಗೆದ ಮೇಲೆ ನಾಲಿಗೆಯಂತೆ ಹೊರಗೆಳೆಯಲು ಬರುವಂಥವೂ ಸಿಗುತ್ತವೆ. ಗಾಳಿ ಎರಡೂ ಕಡೆಯಿಂದ ಆಡುವುದರಿಂದ ಅವು ಬಹಳ ಬೇಗ ಒಣಗಿದವು. ಆಗಸ್ಟಿನಲ್ಲಿ ಅಂಥವನ್ನೇ ಇನ್ನೂ ಆರು ತರಿಸಿದೆ. ಮಡಿಕೇರಿ, ವಿರಾಜಪೇಟೆ, ಭಾಗಮಂಡಲದ ಕಡೆಯವರು ಹನ್ನೆರಡಕ್ಕಿಂತ ಕಡಿಮೆ ಕೊಳ್ಳಬೇಡಿ, ಅಥವಾ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬ ಕಳೆದು ಬಿಸಿಲು ನೆಲೆಯಾದ ಮೇಲೆ ಆರಂಭಿಸಿ.

ಒಗೆಯುವ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಹೊಸ ಹತ್ತಿಯನ್ನು ನಾಲ್ಕೈದು ಸಲ ಒಗೆದ ಮೇಲೆಯೇ ಅದು ಪೂರ್ತಿ ಹೀರತೊಡಗುತ್ತದೆ, ಮೊದಲ ದಿನದ ಸೋರಿಕೆಯನ್ನು ನೋಡಿ ತೀರ್ಮಾನಿಸಬಾರದು. ಬಟ್ಟೆಯನ್ನು ಮೃದುಗೊಳಿಸುವ ದ್ರವವನ್ನು ಹಾಕಿದರೆ ನೂಲಿನ ಮೇಲೆ ಜಿಡ್ಡು ಕುಳಿತು ಹೀರುವ ಶಕ್ತಿ ತಗ್ಗುತ್ತದೆ. ಗುಳ್ಳೆಗೆ ಹಚ್ಚುವ ಜಿಂಕ್ ಆಕ್ಸೈಡ್ ಮುಲಾಮು ಬಟ್ಟೆಗೆ ತಗಲಿದರೂ ಹಾಗೆಯೇ. ಸುಸ್ಸುವಿನ ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ಜಾಲಾಡಿಯೇ ಬಕೀಟಿಗೆ ಹಾಕಬೇಕು, ಇಲ್ಲವಾದರೆ ಸಂಜೆಗೆ ಅಮೋನಿಯಾದ ಘಾಟು ಕಣ್ಣಿಗೆ ಹೊಡೆಯುತ್ತದೆ.

ಪಾಟಿಯ ಬಗ್ಗೆ ನನ್ನ ತೀರ್ಮಾನ ಸರಳ: ಕುಳಿತಾಗ ಮಗುವಿನ ಎರಡೂ ಪಾದ ನೆಲಕ್ಕೆ ಊರಬೇಕು, ಒಳಗಿನ ಬಟ್ಟಲು ಬೇರೆಯಾಗಿ ಎತ್ತಲು ಬರಬೇಕು, ಬೇರೇನೂ ಬೇಡ. ಒದ್ದೆಯಾದ ಕೂಡಲೇ ಸಂಗೀತ ನುಡಿಸುವ ಪಾಟಿಯನ್ನು ಬಂಧುಗಳ ಮನೆಯಲ್ಲಿ ನೋಡಿದೆ. ಮಗುವಿನ ಗಮನವೆಲ್ಲ ಹಾಡಿನ ಕಡೆಗೇ ಹೋಗುವುದರಿಂದ ಅದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮಂಥ ಹಳೆಯ ಮನೆಗಳಲ್ಲಿ ಶೌಚಾಲಯ ಮನೆಯ ಹಿಂದೆ ಅಂಗಳ ದಾಟಿದ ಮೇಲಿರುತ್ತದೆ, ಸುರಿಯುವ ಮಳೆಯಲ್ಲಿ ಎರಡು ವರ್ಷದ ಮಗು ಅಲ್ಲಿಗೆ ತಾನಾಗಿ ಹೋಗಲಾರದು. ಜಗಲಿಯ ಮೂಲೆಯಲ್ಲಿಟ್ಟ ಪಾಟಿಗೆ ಹೋಗಬಲ್ಲದು.

ನನ್ನ ಅತ್ತೆಗೆ ಮೊದಲು ಈ ಪಾಟಿ ಹಿಡಿಸಲಿಲ್ಲ. ಅವರು ಮಣೆಯ ಮೇಲೆ ಕುಳಿತು, ಎರಡು ಪಾದಗಳನ್ನು ಜೋಡಿಸಿ, ಅದರ ಮೇಲೆ ಕೂಸನ್ನು ಕೂರಿಸಿ ‘ಸ್ಸ್ಸ್’ ಎಂದು ಸದ್ದು ಮಾಡಿ ನಾಲ್ಕು ಮಕ್ಕಳನ್ನು ಬೆಳೆಸಿದವರು. ಮಗಳು ಐದಾರು ತಿಂಗಳಿದ್ದಾಗ ಬೆಳಗಿನ ಹೊತ್ತು ಅವರು ಹಾಗೆ ಕೂರಿಸಿದರೆ ಡೈಪರ್ ಒಂದಾದರೂ ಉಳಿಯುತ್ತಿತ್ತು. ಮಗುವಿನ ಮುಖ ನೋಡಿಯೇ ಹೊತ್ತನ್ನು ತಿಳಿಯುವ ಅವರ ಕಣ್ಣು ನನಗಿಲ್ಲ. ಆದರೆ ಆ ಕ್ರಮದಲ್ಲಿ ಹೊತ್ತನ್ನು ಗುರುತಿಸುವವರು ದೊಡ್ಡವರು. ನಡೆದಾಡುವ, ಮಾತಾಡತೊಡಗಿದ ಮಗುವಿಗೆ ಆ ಗುರುತಿಸುವಿಕೆಯನ್ನು ದಾಟಿಸಬೇಕಾದ ಕಾಲ ಬಂದಿತ್ತು ಎಂದು ನನಗನ್ನಿಸಿತು, ಹಾಗೆಂದು ಅವರಿಗೆ ಹೇಳಿದೆ. ಅತ್ತೆ ಸ್ವಲ್ಪ ದಿನ ಸುಮ್ಮನಿದ್ದರು.

ಅವರ ಮನಸ್ಸನ್ನು ಬದಲಿಸಿದ್ದು ಕಕ್ಕಡ ಹದಿನೆಂಟು. ಆಗಸ್ಟ್ 3ರ ಸುಮಾರಿಗೆ ಬರುವ ಆ ದಿನ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ಕೆಲವರು ಅದನ್ನು ಆಟಿ ಸೊಪ್ಪೆಂದೂ ಕರೆಯುತ್ತಾರೆ. ಆ ಸೊಪ್ಪಿನ ರಸ ಗಾಢ ನೇರಳೆ, ಅದನ್ನು ತಿಂದವರ ಮೂತ್ರ ಕೆಂಪಾಗುತ್ತದೆ ಎಂಬುದು ಕೊಡಗಿನ ಮಕ್ಕಳಿಗೂ ಗೊತ್ತು. ಮಗಳಿಗೆ ಎರಡು ಚಮಚ ಪಾಯಸ ಕೊಟ್ಟಿದ್ದೆವು. ಸಂಜೆ ಅವಳು ಪಾಟಿಯಿಂದ ಎದ್ದು, ಬಟ್ಟಲನ್ನು ನೋಡಿ, ‘ಅಜ್ಜೀ, ಕೆಂಪು!’ ಎಂದು ಕೂಗಿ ಅವರನ್ನು ಕರೆದೊಯ್ದು ತೋರಿಸಿದಳು. ಅತ್ತೆ ಅವಳೆದುರು ಕುಳಿತು, ಬೆಳಿಗ್ಗೆ ತಿಂದ ಪಾಯಸದ ಬಣ್ಣವೇ ಹೊಟ್ಟೆಯೊಳಗಿಂದ ಹೀಗೆ ಬಂದಿದೆಯೆಂದು ನಿಧಾನವಾಗಿ ವಿವರಿಸಿದರು. ತಿಂದದ್ದು, ಕುಡಿದದ್ದು ಹೊರಗೆ ಬರುತ್ತದೆ ಎಂಬುದನ್ನು ಮಗು ಅಂದು ಕಣ್ಣಾರೆ ನೋಡಿತು. ಮರುದಿನದಿಂದ ಪ್ರತಿ ಸಲವೂ ಬಟ್ಟಲನ್ನು ಬಗ್ಗಿ ನೋಡಿ ‘ಇವತ್ತು ಹಳದಿ’ ಎಂದು ಅಜ್ಜಿಗೆ ವರದಿ ಒಪ್ಪಿಸತೊಡಗಿದಳು, ಅತ್ತೆಯೂ ಪಾಟಿಯನ್ನು ತಾವೇ ತೊಳೆದಿಡತೊಡಗಿದರು. (ಮದ್ದುಸೊಪ್ಪು ತಿನ್ನದ ದಿನ ಮೂತ್ರ ಕೆಂಪಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು.)

ಬಟ್ಟೆಗೆ ಬಂದುದರಿಂದ ಆದ ಇನ್ನೊಂದು ನೆಮ್ಮದಿಯನ್ನು ಹೇಳದೆ ಇರಲಾರೆ. ಬಳಸಿದ ಡೈಪರನ್ನು ಸುತ್ತಿ ಪ್ರತ್ಯೇಕವಾಗಿ ಕೊಡಬೇಕು, ಅದಕ್ಕೆ ಬೇಕಾದ ಚೀಲವನ್ನು ತಯಾರಕರು ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಆದರೆ ಕಸದ ಗಾಡಿ ನಮ್ಮ ತೋಟದ ಒಳಗಿನವರೆಗೆ ಬರುವುದಿಲ್ಲ. ಹೂತರೆ ನಾಯಿಗಳು ಬಗೆಯುತ್ತವೆ, ಬಚ್ಚಲ ಒಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ಹೊಗೆ ಮನೆಯೊಳಗೇ ಬರುತ್ತದೆ, ತೋಡಿಗೆ ಎಸೆದದ್ದು ಕೊನೆಗೆ ಸೇರುವುದು ಕಾವೇರಿಯನ್ನು. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಸುತ್ತಿದ ಕಟ್ಟನ್ನು ಮುಖ್ಯರಸ್ತೆಯವರೆಗೆ ಹೊತ್ತು ಗಾಡಿಗೆ ಕೊಡುತ್ತಿದ್ದೆವು. ದಿನಕ್ಕೆ ಆರೇಳು ಇದ್ದದ್ದು ಈಗ ರಾತ್ರಿಯ ಒಂದಕ್ಕೆ ಇಳಿದಿದೆ.

ಎಷ್ಟು ದಿನದಲ್ಲಿ ಡೈಪರ್ ಬಿಡುತ್ತದೆ ಎಂದು ಕೇಳುವವರಿಗೆ ಒಂದು ಮಾತು. ಪೊಟ್ಟಣಗಳ ಮೇಲೆ ಬರೆದಿರುವ ಭರವಸೆಗಳನ್ನು ನಂಬಬೇಡಿ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೆಜಲ್ಟನ್ 1962ರಲ್ಲಿ, ತಾವು ನೋಡಿಕೊಂಡ 1,170 ಮಕ್ಕಳ ಅನುಭವದ ಆಧಾರದ ಮೇಲೆ, ಶೌಚದ ಅಭ್ಯಾಸವನ್ನು ಮಗು ಸಿದ್ಧವಾಗಿರುವ ಲಕ್ಷಣಗಳನ್ನು ನೋಡಿ, ಅದರ ವೇಗದಲ್ಲಿಯೇ ಮಾಡಿಸಬೇಕೆಂದು ಬರೆದರು. ಸುಮಾರು ಎರಡು ಗಂಟೆ ಒಣಗಿರುವುದು, ಕುಳಿತು ಏಳಲು ಬರುವುದು, ಒದ್ದೆಯಾದುದನ್ನು ಹೇಳುವುದು, ಚಡ್ಡಿಯನ್ನು ಇಳಿಸಲು ಯತ್ನಿಸುವುದು ಅಂಥ ಲಕ್ಷಣಗಳು. ನಾವು ವಿಚಾರಿಸಿದ ಒಂದು ಪ್ಲೇಸ್ಕೂಲಿನವರು ಡೈಪರ್ ಪೂರ್ತಿ ಬಿಟ್ಟ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಹೇಳಿದಾಗ ನನಗೂ ಆತುರ ಹುಟ್ಟಿತ್ತು, ಒಂದು ವಾರ ಗಂಟೆಗೊಮ್ಮೆ ಕೂರಿಸಿದೆ. ಮಗಳು ಪಾಟಿಯನ್ನು ಕಂಡರೆ ದೂರ ಸರಿಯತೊಡಗಿದಳು. ಶಾಲೆಯ ವಿಚಾರವನ್ನು ಮುಂದಕ್ಕೆ ಹಾಕಿದ ಮೇಲೆ ಅವಳು ತಾನಾಗಿ ಮರಳಿದಳು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಚಡ್ಡಿಯನ್ನು ಪೂರ್ತಿ ತಾನೇ ಏರಿಸುತ್ತಿದ್ದಳು, ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಹಗಲು ಬಹುತೇಕ ಒಣಗಿರುತ್ತಿದ್ದಳು. ರಾತ್ರಿಗೆ ಇನ್ನೂ ಪ್ಯಾಂಟ್ ಡೈಪರ್ ಬೇಕು. ನಿದ್ದೆಯಲ್ಲಿ ಮೂತ್ರವನ್ನು ತಡೆಯುವುದು ದೇಹ ಬಲಿತಂತೆ ಬರುವ ಶಕ್ತಿ, ಐದು ವರ್ಷದವರೆಗೂ ಎಷ್ಟೋ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅದನ್ನು ತರಬೇತಿಯ ಸೋಲೆಂದು ನಾನು ಎಣಿಸುವುದಿಲ್ಲ.

ಬಟ್ಟೆಯ ಪ್ಯಾಂಟು ಒಂದಕ್ಕೆ 200ರಿಂದ 300 ರೂಪಾಯಿ ಬಿತ್ತು, ಹನ್ನೆರಡಕ್ಕೆ ಸುಮಾರು ಮೂರು ಸಾವಿರ. ಒಮ್ಮೆಲೇ ಕೊಡಲು ಹೆಚ್ಚೆನಿಸಬಹುದು, ಹಾಗಿದ್ದವರು ಸಡಿಲವಾದ ಎಲಾಸ್ಟಿಕ್ಕಿನ ಸಾಧಾರಣ ಹತ್ತಿ ಚಡ್ಡಿಯಲ್ಲಿಯೇ ಆರಂಭಿಸಿ, ನೆಲ ಒರೆಸುವ ಬಟ್ಟೆಯನ್ನು ಕೈಗೆಟಕುವಂತೆ ಇಟ್ಟುಕೊಂಡರೆ ಸಾಕು. ಮಗುವಿನ ಕಲಿಕೆಗೆ ಅದರಿಂದ ಕೊರತೆಯಾಗುವುದಿಲ್ಲ. ಸೊಂಟ ಬಿಗಿಯಾಗಿದ್ದ ಆ ಎರಡು ಪ್ಯಾಂಟನ್ನು ಮೂರ್ನಾಡಿನ ದರ್ಜಿಯೊಬ್ಬರ ಬಳಿ ಕೊಟ್ಟು ಮೆತ್ತನೆಯ, ಅಗಲವಾದ ಪಟ್ಟಿ ಹಾಕಿಸಿಕೊಂಡೆ. ಈಗ ಮಗಳು ಬುಟ್ಟಿಯಿಂದ ಮೊದಲು ಎತ್ತಿಕೊಳ್ಳುವುದು ಆ ಎರಡನ್ನೇ.